ಮೂರು ಸೈಟಿಗೆ ಮೂರು ಲಿಸ್ಟ್‌ಮಂಕ್: ಎರಡು ವರ್ಷ ಬಳಸಿದ ಮೇಲೆ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಿಸ್ಟ್‌ಮಂಕ್ ಆಟೋರೆಸ್ಪಾಂಡರ್ ಅಲ್ಲ. ಹೆಸರೇ ಹೇಳುವ ಹಾಗೆ ಅದು ಮೇಲಿಂಗ್ ಲಿಸ್ಟ್ ನಡೆಸುವ ಸಾಫ್ಟ್‌ವೇರ್. ಯಾರೋ ಫಾರಂ ತುಂಬಿದ ಕೂಡಲೇ ಒಂದು ಮೇಲ್, ಮಾರನೇ ದಿನ ಇನ್ನೊಂದು, ವಾರ ಬಿಟ್ಟು ಮತ್ತೊಂದು ಅಂತ ಸಾಲಾಗಿ ಕಳಿಸುವ ವ್ಯವಸ್ಥೆ ಅದರೊಳಗೆ ಇಲ್ಲ. ಆದರೂ ಎರಡು ವರ್ಷದಿಂದ ಅದನ್ನೇ ಆಟೋರೆಸ್ಪಾಂಡರ್ ಮಾಡಿಕೊಂಡು ದುಡಿಸುತ್ತಿದ್ದೇನೆ, ಅದೂ ಮೂರು ಡೊಮೇನಿಗೆ. ಬಿಡುವ ಯೋಚನೆಯೂ ಸದ್ಯಕ್ಕೆ ಇಲ್ಲ.

ಮೂರು ಸೈಟು ಯಾವುವು ಅಂದರೆ, ಒಂದು ನಮ್ಮ ಮನೆಯದೇ, ಕಾಫಿ ಪುಡಿ ಮತ್ತು ಕಾಳುಮೆಣಸು ಮಾರುವುದು. ಎರಡನೆಯದು ಸಕಲೇಶಪುರದ ಹತ್ತಿರ ಚಿಕ್ಕಪ್ಪ ನಡೆಸುವ ಹೋಂಸ್ಟೇ. ಮೂರನೆಯದು ಹೊರದೇಶದಲ್ಲಿರುವ ನಮ್ಮವರ ಮಕ್ಕಳಿಗೆ ಕನ್ನಡ ಓದಲು ಕಲಿಸುವ 21 ಪಾಠಗಳ ಇಮೇಲ್ ಕೋರ್ಸು. ಪಾಠ ಬರೆಯುವುದು ಅಕ್ಕ, ಕಳಿಸುವ ಕೆಲಸ ನನ್ನದು.

ಮೊದಲು ತಿಂಗಳ ಬಾಡಿಗೆಯ ಒಂದು ಸೇವೆಯಲ್ಲಿದ್ದೆ. ಹೆಸರು ಬೇಡ. ಅಲ್ಲಿ ಎಷ್ಟು ವಿಳಾಸ ಇದೆ ಅನ್ನುವುದರ ಮೇಲೆ ದುಡ್ಡು. ಒಬ್ಬರೇ ಕಾಫಿ ಲಿಸ್ಟಿನಲ್ಲೂ ಹೋಂಸ್ಟೇ ಲಿಸ್ಟಿನಲ್ಲೂ ಇದ್ದರೆ ಎರಡು ತಲೆ ಅಂತ ಲೆಕ್ಕ. ಯಾವಾಗಲೋ ಬಂದು ಉಳಿದು ಹೋಗಿ ಆಮೇಲೆ ಒಂದು ಮೇಲನ್ನೂ ತೆರೆಯದವರೂ ಲೆಕ್ಕಕ್ಕೆ ಬರುತ್ತಿದ್ದರು. ಮಳೆಗಾಲದಲ್ಲಿ ಹೋಂಸ್ಟೇಯಿಂದ ನಾಲ್ಕು ಮೇಲ್ ಹೋಗದಿದ್ದರೂ ಬಿಲ್ ಮಾತ್ರ ತಪ್ಪುತ್ತಿರಲಿಲ್ಲ, ಬೀಗ ಹಾಕಿದ ಮನೆಗೂ ಕರೆಂಟಿನ ಮಿನಿಮಮ್ ಬಿಲ್ ಬಂದ ಹಾಗೆ. ಅದೇ ಬೇಜಾರಿಗೆ ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳೋಣ ಅಂತ ಹುಡುಕಿದೆ.

ಮಾಟಿಕ್ ನೋಡಿದೆ. ನಿಜವಾದ ಆಟೋರೆಸ್ಪಾಂಡರ್ ಬೇಕು ಅಂದರೆ ಅದೇ ಸರಿ, ಡಬ್ಬಿ ಡಬ್ಬಿ ಜೋಡಿಸಿ ‘ಮೇಲ್ ತೆರೆದರೆ ಈ ಕಡೆ, ತೆರೆಯದಿದ್ದರೆ ಆ ಕಡೆ’ ಅಂತ ದಾರಿ ಬರೆಯಬಹುದು. ಆದರೆ ಅದು ದೊಡ್ಡ ಸಂಸಾರ. ಹಿಂದುಗಡೆ ಹಲವು ಕ್ರಾನ್ ಕೆಲಸಗಳು ಹೊತ್ತುಹೊತ್ತಿಗೆ ಓಡುತ್ತಲೇ ಇರಬೇಕು. 2 ಜಿಬಿ ಮೆಮೊರಿಯ ನನ್ನ ಬಡ ಸರ್ವರಿನಲ್ಲಿ ಅದನ್ನು ಕೂರಿಸುವ ಧೈರ್ಯ ಬರಲಿಲ್ಲ. ಸೆಂಡಿ ಕೂಡ ನೋಡಿದೆ. ಒಂದೇ ಸಲ ದುಡ್ಡು ಕೊಟ್ಟು ತೆಗೆದುಕೊಳ್ಳುವುದು, ಒಂದೊಂದು ಸೈಟಿಗೆ ಒಂದೊಂದು ‘ಬ್ರ್ಯಾಂಡ್’ ಮಾಡಬಹುದು, ಸಾಲು ಮೇಲ್ ಕಳಿಸುವುದು ಅದರಲ್ಲೇ ಇದೆ. ಕೋಡ್ ಬರೆಯುವ ಗೋಜು ಬೇಡ ಅನ್ನುವವರು ಸುಮ್ನೆ ಅದನ್ನೇ ತೆಗೆದುಕೊಳ್ಳಿ. ಈ ವಿಮರ್ಶೆ ಇಲ್ಲಿಗೇ ನಿಲ್ಲಿಸಿದರೂ ನಿಮಗೆ ನಷ್ಟ ಇಲ್ಲ.

ನಾನು ಲಿಸ್ಟ್‌ಮಂಕ್ ಹಿಡಿದದ್ದಕ್ಕೆ ಅರ್ಧ ಕಾರಣ ಅದು ಹಗುರ ಅಂತ, ಇನ್ನರ್ಧ ನಮ್ಮೂರ ಕಡೆಯದು ಅಂತ. ಅದನ್ನು ಬರೆದವರು ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧಾದ ಕೈಲಾಶ್ ನಾಧ್. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಆನ್‌ಲೈನಿಗೆ ಬರಲು ಸಾಫ್ಟ್‌ವೇರ್ ಬರೆದವರೂ ಇವರೇ. ಅಕ್ಕ ಪಾಠ ಬರೆಯುವಾಗ ದಿನಾ ಅಲರ್ ತೆರೆದಿಟ್ಟುಕೊಂಡಿರುತ್ತಾಳೆ, ಹಾಗಾಗಿ ‘ಅದೇ ಮನುಷ್ಯರು ಮಾಡಿದ್ದಾ? ಹಾಗಾದ್ರೆ ಅದನ್ನೇ ಹಾಕು’ ಅಂತ ಒಂದೇ ಮಾತಿನಲ್ಲಿ ಮುಗಿಸಿದಳು. ತಾಂತ್ರಿಕ ತೀರ್ಮಾನ ಹೀಗೂ ಆಗುತ್ತದೆ ನೋಡಿ. ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಇದರ ಡಾಕ್ಯುಮೆಂಟೇಶನ್ನಿನಲ್ಲಿ ಚಂದಾದಾರರ ವಿವರ ಹೇಗಿರುತ್ತದೆ ಅಂತ ತೋರಿಸುವ ಉದಾಹರಣೆಯಲ್ಲಿ ಊರು ಬೆಂಗಳೂರು, ಆಸಾಮಿಗೆ ಟೀ ಇಷ್ಟ. ಕಾಫಿ ಮಾರುವವನಾಗಿ ಅದೊಂದು ನನ್ನ ತಕರಾರು.

ಹಾಕಿಕೊಳ್ಳುವುದು ನಿಜಕ್ಕೂ ಸುಲಭ. ಒಂದು ಫೈಲು, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ಸೆಟ್ಟಿಂಗ್ ಕಡತ. ಅಷ್ಟೇ. ಅವರ ಸೈಟಿನಲ್ಲೇ ಹಾಕಿರುವ ಲೆಕ್ಕದ ಪ್ರಕಾರ 70 ಲಕ್ಷಕ್ಕೂ ಜಾಸ್ತಿ ಮೇಲ್ ಕಳಿಸುವಾಗ ಅದು ತಿಂದ ಮೆಮೊರಿ ಹೆಚ್ಚೆಂದರೆ 57 ಎಂಬಿ. ನನ್ನದು ಮೂರೂ ಸೇರಿ ತಿಂಗಳಿಗೆ 9 ಸಾವಿರ ಮೇಲ್. ಆನೆ ಹೊರುವ ಜಾಗದಲ್ಲಿ ಇರುವೆ ಕೂರಿಸಿದ ಹಾಗೆ.

ಮೊದಲ ತಪ್ಪು ಇಲ್ಲೇ ಮಾಡಿದೆ. ಇಷ್ಟು ಹಗುರ ಇದೆಯಲ್ಲ, ಒಂದೇ ಲಿಸ್ಟ್‌ಮಂಕ್ ಹಾಕಿ ಅದರಲ್ಲೇ ಮೂರು ಸೈಟಿನ ಲಿಸ್ಟು ಮಾಡಿದರಾಯಿತು ಅಂದುಕೊಂಡೆ. ಕಳಿಸುವವರ ವಿಳಾಸ ಬೇರೆ ಬೇರೆ ಇಡಬಹುದು, ಟೆಂಪ್ಲೇಟು ಬೇರೆ ಬೇರೆ ಮಾಡಬಹುದು, ಇನ್ನೇನು ಬೇಕು? ಎರಡು ವಾರ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಬೆಳಿಗ್ಗೆ ಅರ್ಧ ಕೆಜಿ ಪುಡಿ ಆರ್ಡರ್ ಮಾಡಿದ್ದ ದಾವಣಗೆರೆಯ ಮೇಡಂ ಒಬ್ಬರು ಫೋನ್ ಮಾಡಿ, ‘ಚೆಕ್‌ಇನ್ ಮಧ್ಯಾಹ್ನ 12ಕ್ಕೆ, ಜಿಗಣೆ ಇರುತ್ತೆ ಸಾಕ್ಸ್ ತನ್ನಿ ಅಂತ ಬಂದಿದೆ, ಪುಡಿ ತಗೊಳ್ಳೋಕೆ ಅಲ್ಲಿಗೇ ಬರಬೇಕಾ?’ ಅಂತ ಕೇಳಿದರು. ಮೇಲ್ ಕಳಿಸಲು ನಾನೇ ಬರೆದ ಸ್ಕ್ರಿಪ್ಟಿನಲ್ಲಿ ಟೆಂಪ್ಲೇಟ್ ನಂಬರ್ 4ರ ಬದಲು 5 ಹಾಕಿದ್ದೆ. ತಪ್ಪು ನನ್ನದೇ. ಆದರೆ ಮೂರು ಮನೆಯ ಸಾಮಾನು ಒಂದೇ ಕೋಣೆಯಲ್ಲಿಟ್ಟರೆ ಇಂಥದ್ದು ಇವತ್ತಲ್ಲ ನಾಳೆ ಆಗಲೇಬೇಕು, ಅಲ್ವಾ?

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು ಇದೆ, ಹಲವು ಡೊಮೇನ್ ಇಟ್ಟುಕೊಂಡವರು ಇದನ್ನು ಮೊದಲೇ ತಿಳಿದುಕೊಳ್ಳಬೇಕು. ಲಿಸ್ಟ್‌ಮಂಕ್ ಸೆಟ್ಟಿಂಗಿನಲ್ಲಿ ರೂಟ್ ಯುಆರ್‌ಎಲ್ ಅಂತ ಒಂದೇ ಒಂದು ಖಾನೆ. ಮೇಲಿನೊಳಗಿನ ಅನ್‌ಸಬ್‌ಸ್ಕ್ರೈಬ್ ಲಿಂಕು, ‘ಹೌದು ನಾನೇ ಸೇರಿದ್ದು’ ಅಂತ ಒಪ್ಪಿಕೊಳ್ಳುವ ಲಿಂಕು, ಕ್ಲಿಕ್ ಎಣಿಸುವ ಲಿಂಕು, ಎಲ್ಲಾ ಅಲ್ಲಿಂದಲೇ ಹುಟ್ಟುತ್ತವೆ. ಅಂದರೆ ಅಮೆರಿಕದಲ್ಲಿರುವ ತಾಯಿಗೆ ಕನ್ನಡ ಪಾಠ ಬರುತ್ತದೆ, ಕೆಳಗಿನ ಲಿಂಕಿನ ಮೇಲೆ ಬೆರಳಿಟ್ಟರೆ ಯಾವುದೋ ಕಾಫಿ ಅಂಗಡಿಯ ವಿಳಾಸ ಕಾಣುತ್ತದೆ. ಮೋಸದ ಮೇಲ್ ಅಂದುಕೊಂಡು ಸ್ಪ್ಯಾಮ್ ಬಟನ್ ಒತ್ತಿದರೆ ಅವರದ್ದೇನೂ ತಪ್ಪಿಲ್ಲ. ಜೊತೆಗೆ, ಒಂದು ಲಿಸ್ಟ್‌ಮಂಕಿನೊಳಗೆ ಒಂದು ವಿಳಾಸ ಒಂದೇ ಸಲ ಇರುತ್ತದೆ. ಯಾರಾದರೂ ಕಾಫಿ ಮೇಲಿನಿಂದ ಬೇಸತ್ತು ‘ಇನ್ನು ಯಾವ ಮೇಲೂ ಬೇಡ’ ಅಂತ ಒತ್ತಿದರೆ ಅವರು ಬ್ಲಾಕ್‌ಲಿಸ್ಟಿಗೆ ಹೋಗುತ್ತಾರೆ, ಮಗುವಿನ ಪಾಠವೂ ಅಲ್ಲಿಗೆ ನಿಲ್ಲುತ್ತದೆ.

ಹಾಗಾಗಿ ಮೂರನ್ನೂ ಬೇರೆ ಮಾಡಿದೆ. ಅದೇ ಸರ್ವರು, ಅದೇ ಪೋಸ್ಟ್‌ಗ್ರೆಸ್, ಆದರೆ ಮೂರು ಡೇಟಾಬೇಸು, ಮೂರು ಸೆಟ್ಟಿಂಗ್ ಕಡತ, 9000, 9001, 9002 ಅಂತ ಮೂರು ಪೋರ್ಟು, ಎದುರಿಗೆ ಎಂಜಿನ್‌ಎಕ್ಸ್ ಕೂತು ಯಾವ ಡೊಮೇನಿಗೆ ಬಂದವರನ್ನು ಯಾವ ಬಾಗಿಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸುತ್ತದೆ. ಒಂದು ಸಂಜೆಯ ಕೆಲಸ. ಭಾರದ ಸಾಫ್ಟ್‌ವೇರ್ ಆಗಿದ್ದರೆ ಮೂರು ಪ್ರತಿ ಓಡಿಸುವುದನ್ನು ಯೋಚಿಸುವಂತೆಯೇ ಇರಲಿಲ್ಲ. ಲಿಸ್ಟ್‌ಮಂಕಿನ ನಿಜವಾದ ಗುಣ ನನಗೆ ಗೊತ್ತಾದದ್ದು ಇಲ್ಲಿ. ಹಲವು ಡೊಮೇನ್ ನೋಡಿಕೊಳ್ಳುವ ಸವಲತ್ತು ಅದಕ್ಕೆ ಇಲ್ಲ, ಆದರೆ ಎಷ್ಟು ಸಣ್ಣದು ಅಂದರೆ ಅದರ ಅಗತ್ಯವೇ ಬೀಳುವುದಿಲ್ಲ.

ಸರ್ವರಿಂದ ನೇರವಾಗಿ ಮೇಲ್ ಕಳಿಸುವ ಆಸೆ ಇಟ್ಟುಕೊಳ್ಳಬೇಡಿ. ತುಂಬಾ ಹೋಸ್ಟಿಂಗ್ ಕಂಪನಿಗಳು ಮೇಲ್ ಹೊರಗೆ ಹೋಗುವ 25ನೇ ಪೋರ್ಟ್ ಮುಚ್ಚಿಯೇ ಕೊಡುತ್ತವೆ. ತೆರೆಸಿಕೊಂಡರೂ ನಿಮಗಿಂತ ಮೊದಲು ಆ ಸರ್ವರಿನ ಐಪಿ ವಿಳಾಸದಲ್ಲಿ ಯಾರಿದ್ದರು, ಏನು ಮಾಡಿದ್ದರು ಅಂತ ಯಾರಿಗೆ ಗೊತ್ತು. ನಾನು ಅಮೆಜಾನ್ ಎಸ್‌ಇಎಸ್ಸಿನ ಮುಂಬೈ ಕೇಂದ್ರದ ಮೂಲಕ ಕಳಿಸುತ್ತೇನೆ, ದುಡ್ಡು ತೆಗೆದುಕೊಂಡು ನಮ್ಮ ಪರವಾಗಿ ಮೇಲ್ ಸಾಗಿಸುವ ಸೇವೆ ಅದು. ಸಾವಿರ ಮೇಲಿಗೆ 10 ಸೆಂಟು. ಶುರುವಿನಲ್ಲಿ ದಿನಕ್ಕೆ 200 ಮೇಲ್, ಅದೂ ನೀವು ದೃಢಪಡಿಸಿದ ವಿಳಾಸಗಳಿಗೆ ಮಾತ್ರ. ಏನು ಕಳಿಸುತ್ತೀರಿ, ಯಾರಿಗೆ ಅಂತ ಬರೆದು ಅರ್ಜಿ ಹಾಕಿದ ಮೇಲೆ ಬಿಡುತ್ತಾರೆ.

ಇನ್ನು ಡಿಎನ್‌ಎಸ್. ಡೊಮೇನಿನ ಹೆಸರಿನಡಿ ಎಲ್ಲರಿಗೂ ಕಾಣುವ ಹಾಗೆ ಬರೆದಿಡುವ ದಾಖಲೆ ಅದು. ಒಂದು ಡೊಮೇನಿಗೆ ಮಾಡುವುದು ಬೋರು, ಮೂರಕ್ಕೆ ಮಾಡುವುದು ಶಿಕ್ಷೆ. ಸಹಿ ಪರೀಕ್ಷಿಸುವ ಡಿಕಿಮ್‌ಗೆ ಪ್ರತಿ ಡೊಮೇನಿಗೂ ಮೂರು ಸಾಲು, ಯಾರು ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್‌ಗೆ ಒಂದು, ಇವೆರಡೂ ಸೋತರೆ ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್‌ಗೆ ಒಂದು. ಗೂಗಲ್ 2024ರ ಫೆಬ್ರವರಿಯಿಂದ ದಿನಕ್ಕೆ ಜಿಮೇಲಿಗೆ 5 ಸಾವಿರಕ್ಕೂ ಜಾಸ್ತಿ ಕಳಿಸುವವರಿಗೆ ಇವು ಮೂರನ್ನೂ ಕಡ್ಡಾಯ ಮಾಡಿದೆ, ನಮ್ಮಂಥ ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು. ಚಿಕ್ಕಪ್ಪನ ಡೊಮೇನನ್ನು ಯಾವನೋ ಹುಡುಗ ಮಾಡಿಕೊಟ್ಟು ಹೋಗಿದ್ದ, ಲಾಗಿನ್ ಆಗಬೇಕು ಅಂದರೆ ಒಟಿಪಿ ಚಿಕ್ಕಪ್ಪನ ಫೋನಿಗೆ. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಮನೆ ಹಿಂದಿನ ದಿಬ್ಬದ ಮೇಲೆ ಮಾತ್ರ.

‘ಚಿಕ್ಕಪ್ಪ, ಒಂದು ನಂಬರ್ ಬಂತಾ ನೋಡಿ, ಆರು ಅಂಕಿದು.’

‘ಇರೋ ಮಾರಾಯ, ಹತ್ತುತ್ತಾ ಇದ್ದೀನಿ.’

ಅವರು ಹತ್ತಿ ಮೇಲೆ ಹೋಗುವಷ್ಟರಲ್ಲಿ ಒಟಿಪಿಯ ಟೈಮ್ ಮುಗಿದಿರುತ್ತಿತ್ತು. ನಾಲ್ಕನೇ ಸಲಕ್ಕೆ ಅವರೇ ದಿಬ್ಬದ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಅಷ್ಟೆಲ್ಲಾ ಆಗಿ ಒಳಗೆ ಹೋಗಿ ಸಾಲುಗಳನ್ನು ಹಾಕಿದೆ, ಎರಡು ದಿನ ಕಾದರೂ ದೃಢೀಕರಣ ಆಗಲಿಲ್ಲ. ಆಮೇಲೆ ನೋಡಿದರೆ ಆ ಪ್ಯಾನೆಲ್ ತಾನೇ ಡೊಮೇನ್ ಹೆಸರನ್ನು ಕೊನೆಗೆ ಸೇರಿಸುತ್ತದೆ, ನಾನೂ ಪೂರ್ತಿ ಹೆಸರು ಅಂಟಿಸಿದ್ದೆ, ಹಾಗಾಗಿ ಒಂದೇ ಹೆಸರು ಎರಡು ಸಲ ಬಂದು ಕೂತಿತ್ತು. ಮತ್ತೆ ಚಿಕ್ಕಪ್ಪ, ಮತ್ತೆ ದಿಬ್ಬ.

ಡಿಮಾರ್ಕ್ ವರದಿಗಳ, ಅಂದರೆ ನಮ್ಮ ಡೊಮೇನಿನ ಹೆಸರಿನಲ್ಲಿ ಬಂದ ಮೇಲ್ ಪರೀಕ್ಷೆ ಪಾಸಾಯಿತಾ ಅಂತ ಮೇಲ್ ಕಂಪನಿಗಳು ಕಳಿಸುವ ಲೆಕ್ಕದ, ವಿಷಯದಲ್ಲಿ ಇನ್ನೊಂದು ಸಣ್ಣ ಗಂಟಿದೆ, ಒಂದೇ ಡೊಮೇನ್ ಇದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ಮೂರೂ ಡೊಮೇನಿನ ವರದಿ ಕಾಫಿ ಸೈಟಿನ ಒಂದೇ ಅಂಚೆಪೆಟ್ಟಿಗೆಗೆ ಬರಲಿ ಅಂತ ಹಾಕಿದ್ದೆ. ಕಾಫಿಯದು ಬರುತ್ತಿತ್ತು, ಉಳಿದೆರಡು ಬರಲೇ ಇಲ್ಲ. ಬೇರೆ ಡೊಮೇನಿನ ವರದಿ ತೆಗೆದುಕೊಳ್ಳಲು ನನಗೆ ಒಪ್ಪಿಗೆ ಇದೆ ಅಂತ ಕಾಫಿ ಡೊಮೇನಿನ ಡಿಎನ್‌ಎಸ್ಸಿನಲ್ಲೂ ಒಂದೊಂದು ಸಾಲು ಹಾಕಬೇಕು. ಯೋಚಿಸಿದರೆ ಸರಿಯೇ. ಇಲ್ಲದಿದ್ದರೆ ಯಾರು ಬೇಕಾದರೂ ನಿಮ್ಮ ವಿಳಾಸ ಕೊಟ್ಟು ವರದಿಗಳ ಮಳೆ ಸುರಿಸಬಹುದಲ್ಲ.

ಈಗ ಮುಖ್ಯ ಕೆಲಸ, ಸಾಲು ಮೇಲ್. ಲಿಸ್ಟ್‌ಮಂಕಿನಲ್ಲಿ ಟ್ರಾನ್ಸಾಕ್ಷನಲ್ ಎಪಿಐ ಅಂತ ಒಂದಿದೆ, ನಮ್ಮ ಪ್ರೋಗ್ರಾಂ ಅದಕ್ಕೆ ‘ಈ ವ್ಯಕ್ತಿಗೆ ಈ ಟೆಂಪ್ಲೇಟಿನ ಮೇಲ್ ಈಗಲೇ ಕಳಿಸು’ ಅಂದರೆ ಕಳಿಸುತ್ತದೆ. ಪ್ರತಿ ಚಂದಾದಾರರ ಹೆಸರಿನಡಿ ನಮಗೆ ಬೇಕಾದ ವಿವರ ಬರೆದಿಡಲು ಜಾಗವೂ ಇದೆ. ನಾನು ಅಲ್ಲಿ ಎಷ್ಟನೇ ಪಾಠ ಆಯಿತು ಅಂತ ಒಂದು ಅಂಕಿ ಇಡುತ್ತೇನೆ. 80 ಸಾಲಿನ ಪೈಥಾನ್ ಸ್ಕ್ರಿಪ್ಟ್ ಗಂಟೆಗೊಮ್ಮೆ ಎದ್ದು, ಯಾರಿಗೆ ಯಾವ ಪಾಠ ಬಾಕಿ ಅಂತ ನೋಡಿ, ಕಳಿಸಿ, ಅಂಕಿ ಒಂದು ಏರಿಸಿ ಮಲಗುತ್ತದೆ. ಇಷ್ಟೇ ನನ್ನ ಆಟೋರೆಸ್ಪಾಂಡರ್.

ಅಂಕಿ ಏರಿಸುವಲ್ಲಿ ಒಂದು ಹೊಂಡ ಇದೆ. ಚಂದಾದಾರರ ವಿವರ ತಿದ್ದುವ ಕರೆಗೆ ಎಲ್ಲಾ ಖಾನೆಗಳನ್ನೂ ತುಂಬಿ ಕಳಿಸಬೇಕು. ಲಿಸ್ಟಿನ ಹೆಸರು ಬಿಟ್ಟರೆ ಅವರನ್ನು ಲಿಸ್ಟಿನಿಂದಲೇ ತೆಗೆದುಹಾಕುತ್ತದೆ. ಡಾಕ್ಯುಮೆಂಟೇಶನ್ನಿನಲ್ಲಿ ಇದು ಬರೆದೇ ಇದೆ, ಓದದೇ ಇದ್ದವನು ನಾನು. ಮೊದಲ ತಂಡದ 12 ಮಕ್ಕಳಿಗೆ ‘ಅ ಆ ಇ ಈ’ ಹೋಯಿತು, ಆಮೇಲೆ ಮೌನ. ಅಕ್ಕನಿಗೆ ಪರಿಚಯದವರ ಕಡೆಯಿಂದ ‘ಕೋರ್ಸ್ ನಾಲ್ಕೇ ಅಕ್ಷರಕ್ಕಾ?’ ಅಂತ ಮೆಸೇಜ್ ಬಂತು. ಅವಳು ಅದನ್ನು ನನಗೆ ಫಾರ್ವರ್ಡ್ ಮಾಡಿದಳು, ಜೊತೆಗೆ ಒಂದು ಅಕ್ಷರವನ್ನೂ ಬರೆಯದೆ. ಅದು ಬೈಗುಳಕ್ಕಿಂತ ಜಾಸ್ತಿ ತಾಗುತ್ತದೆ.

ಗಂಟೆಗೊಮ್ಮೆ ಯಾಕೆ ಓಡಿಸುತ್ತೇನೆ ಅಂದರೆ, ಮೊದಲು ಬೆಳಿಗ್ಗೆ ಒಂಬತ್ತೂವರೆಗೆ ಒಂದೇ ಸಲ ಕಳಿಸುತ್ತಿದ್ದೆ. ನಮ್ಮ ಒಂಬತ್ತೂವರೆ ಅಂದರೆ ಬೇಸಿಗೆಯಲ್ಲಿ ಡಲ್ಲಾಸಿನಲ್ಲಿ ಹಿಂದಿನ ರಾತ್ರಿ ಹನ್ನೊಂದು. ಮಗು ಮಲಗಿರುತ್ತದೆ, ಬೆಳಿಗ್ಗೆ ತಾಯಿ ಆಫೀಸಿನ ಮೇಲ್ ನೋಡುವ ಗಡಿಬಿಡಿಯಲ್ಲಿ ಪಾಠ ಕೆಳಗೆ ಹೋಗಿಬಿಡುತ್ತದೆ. ಈಗ ಫಾರಂನಲ್ಲೇ ಯಾವ ಊರು ಅಂತ ಕೇಳಿಕೊಂಡು, ಅಲ್ಲಿನ ಶನಿವಾರ ಬೆಳಿಗ್ಗೆಗೆ ಹೋಗುವಂತೆ ಮಾಡಿದ್ದೇನೆ. ‘ಬಿಡಿಸಿದ ಅಕ್ಷರದ ಫೋಟೋ ಕಳಿಸಿ’ ಅಂದರೆ ನಿಜವಾಗಲೂ ಕಳಿಸುತ್ತಾರೆ. ಮೊನ್ನೆ ಒಬ್ಬಳು ‘ಳ’ವನ್ನು ಆನೆ ಮಾಡಿ ಕಳಿಸಿದ್ದಳು, ಸೊಂಡಿಲು ಸಮೇತ.

ಇನ್ನೊಂದು ಗಮನಿಸಿ. ಇಡೀ ಲಿಸ್ಟಿಗೆ ಒಟ್ಟಿಗೆ ಹೋಗುವ ಕ್ಯಾಂಪೇನ್ ಮೇಲ್‌ಗಳಿಗೆ ಲಿಸ್ಟ್‌ಮಂಕ್ ತಾನೇ ಅನ್‌ಸಬ್‌ಸ್ಕ್ರೈಬ್ ಹೆಡರ್ ಸೇರಿಸುತ್ತದೆ, ಮೇಲ್ ಆಪ್ ಅದನ್ನು ನೋಡಿ ಬಿಡಿಸಿಕೊಳ್ಳುವ ಬಟನ್ ತೋರಿಸುತ್ತದೆ. ಎಪಿಐ ಮೂಲಕ ಕಳಿಸುವುದಕ್ಕೆ ನಾವೇ ಸೇರಿಸಬೇಕು. ಮರೆತರೆ ಜನಕ್ಕೆ ಬಿಡಿಸಿಕೊಳ್ಳುವ ದಾರಿ ಸಿಗದೆ ಸ್ಪ್ಯಾಮ್ ಬಟನ್ ಒತ್ತುತ್ತಾರೆ.

ನನಗೆ ನಿಜವಾಗಿ ಬೆವರು ಇಳಿದದ್ದು ಕಳೆದ ವರ್ಷ. ಕಾಫಿ ಸೈಟಿನಲ್ಲಿ ‘ಮೇಲ್ ಕೊಡಿ, ಮೊದಲ ಆರ್ಡರಿಗೆ 50 ರೂಪಾಯಿ ಕಡಿತ’ ಅಂತ ಹಾಕಿದ್ದೆ. ಫಾರಂ ತುಂಬಿದರೆ ಒಪ್ಪಿಗೆ ಕೇಳದೆ ನೇರ ಮೇಲ್. ಒಂದು ರಾತ್ರಿ ಯಾವುದೋ ಬಾಟ್ ಬಂದು 340 ಸುಳ್ಳು ವಿಳಾಸ ತುಂಬಿ ಹೋಯಿತು. ನನ್ನ ಸ್ಕ್ರಿಪ್ಟು ಅಷ್ಟಕ್ಕೂ ನಿಷ್ಠೆಯಿಂದ ಕೂಪನ್ ಕಳಿಸಿತು, ಅದರಲ್ಲಿ ಎಷ್ಟೋ ವಾಪಸ್ ಬಂದವು. ವಾಪಸ್ ಬರುವುದು ಶೇಕಡಾ 5 ದಾಟಿದರೆ ಎಸ್‌ಇಎಸ್ ಅಕೌಂಟನ್ನು ಪರಿಶೀಲನೆಗೆ ಇಡುತ್ತದೆ, 10 ದಾಟಿದರೆ ಕಳಿಸುವುದನ್ನೇ ನಿಲ್ಲಿಸಬಹುದು. ಬೆಳಿಗ್ಗೆ ಎದ್ದರೆ ಎಚ್ಚರಿಕೆಯ ಮೇಲ್. ಆವಾಗ ಹೊಳೆಯಿತು, ಲಿಸ್ಟ್‌ಮಂಕ್ ಮೂರು ಮಾಡಿದ್ದೇನೆ, ಡೇಟಾಬೇಸ್ ಮೂರು ಮಾಡಿದ್ದೇನೆ, ಆದರೆ ಅಕೌಂಟ್ ಒಂದೇ. ಕಾಫಿಯವನ ದುರಾಸೆಗೆ ಮಕ್ಕಳ ಪಾಠವೂ ಹೋಂಸ್ಟೇ ಬುಕಿಂಗ್ ಮೇಲೂ ಒಟ್ಟಿಗೆ ನಿಲ್ಲುತ್ತಿದ್ದವು. ಮೂರು ಬಾಗಿಲು, ಒಂದೇ ಚರಂಡಿ.

ಅವತ್ತೇ ಮೂರೂ ಕಡೆ, ಮೇಲಿನಲ್ಲಿ ಒಪ್ಪಿಗೆ ಒತ್ತಿದ ಮೇಲೆಯೇ ಲಿಸ್ಟಿಗೆ ಸೇರಿಸುವ ಡಬಲ್ ಆಪ್ಟ್‌ಇನ್ ಹಾಕಿದೆ, ಫಾರಂಗೆ ಕ್ಯಾಪ್ಚಾ ಹಾಕಿದೆ, ಎರಡೂ ಲಿಸ್ಟ್‌ಮಂಕಿನಲ್ಲೇ ಇವೆ. ವಾಪಸ್ ಬಂದ ವಿಳಾಸಗಳನ್ನು ತಾನೇ ಬ್ಲಾಕ್‌ಲಿಸ್ಟಿಗೆ ಹಾಕುವ ಸೆಟ್ಟಿಂಗ್ ಕೂಡ ಇದೆ, ಎಸ್‌ಇಎಸ್ ಕಡೆಯಿಂದ ಸುದ್ದಿ ಬರುವ ಹಾಗೆ ಜೋಡಿಸಿದರೆ ಸಾಕು. ಮೊದಲ ದಿನವೇ ಇದನ್ನು ಮಾಡಿ, ನನ್ನ ಹಾಗೆ ಪೆಟ್ಟು ತಿಂದ ಮೇಲೆ ಅಲ್ಲ. ಒಪ್ಪಿಗೆ ಕೇಳುವ ಮೇಲ್ ಬಂದಾಗ ಸುಮಾರು ಜನ ಒತ್ತುವುದೇ ಇಲ್ಲ, ಲಿಸ್ಟ್ ನಿಧಾನ ಬೆಳೆಯುತ್ತದೆ. ಬೆಳೆಯಲಿ ಬಿಡಿ.

ಕನ್ನಡದಲ್ಲಿ ಮೇಲ್ ಕಳಿಸುವವರಿಗೆ ಒಂದೆರಡು ವಿಷಯ. ಟೆಂಪ್ಲೇಟಿನಲ್ಲಿ ಮೊದಲ ಹೆಸರು ತರುವ ಟ್ಯಾಗ್ ಇದೆಯಲ್ಲ, ಅದು ಜಾಣತನದ್ದು. ಎರಡಕ್ಕಿಂತ ಉದ್ದ ಇರುವ ಮೊದಲ ಪದವನ್ನು ಹೆಸರು ಅಂದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆ ಎಸ್ ಮಂಜುನಾಥ ಅಂತ ಬಿಡಿಬಿಡಿಯಾಗಿ ಬರೆದರೆ ಇನಿಷಿಯಲ್ ದಾಟಿ ಸರಿಯಾಗಿ ಮಂಜುನಾಥನನ್ನೇ ಹಿಡಿಯುತ್ತದೆ. ದಕ್ಷಿಣದವರ ಹೆಸರಿನ ಗೋಳು ಗೊತ್ತಿರುವವರೇ ಬರೆದದ್ದು ಅನ್ನಿಸುತ್ತದೆ. ಆದರೆ ಅದೇ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕೆಟ್ಟಿತು. ಅದು ಎಣಿಸುವುದು ಅಕ್ಷರಗಳನ್ನಲ್ಲ, ಕಂಪ್ಯೂಟರ್ ಅಕ್ಷರ ಕೂಡಿಡುವ ಅಳತೆಯಾದ ಬೈಟುಗಳನ್ನು. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟು, ‘ಕೆ’ ಅನ್ನುವುದಕ್ಕೇ ಆರು. ಹಾಗಾಗಿ ‘ನಮಸ್ಕಾರ ಕೆ ಅವರೇ’ ಅಂತ ಹೋಗುತ್ತದೆ. ಈಗ ಫಾರಂನಲ್ಲಿ ‘ನಿಮ್ಮನ್ನು ಏನೆಂದು ಕರೆಯಬೇಕು?’ ಅಂತ ಬೇರೆ ಖಾನೆ ಇಟ್ಟಿದ್ದೇನೆ. ಉತ್ತರಗಳು ಚೆನ್ನಾಗಿರುತ್ತವೆ. ಒಬ್ಬರು ‘ಪುಟ್ಟಿ ಅಮ್ಮ’ ಅಂತ ಬರೆದಿದ್ದಾರೆ.

ಇದೇ ಬೈಟಿನ ಕಾರಣಕ್ಕೆ ಉದ್ದದ ಕನ್ನಡ ಮೇಲ್ ಬೇಗ ದಪ್ಪ ಆಗುತ್ತದೆ. ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಕೊನೆಯ ಭಾಗ ಮುಚ್ಚಿಬಿಡುತ್ತದೆ, ಅನ್‌ಸಬ್‌ಸ್ಕ್ರೈಬ್ ಲಿಂಕು ಇರುವುದು ಅಲ್ಲೇ. ಎಲ್ಲಿಂದಲೋ ತಂದ ಇಂಗ್ಲಿಷ್ ಟೆಂಪ್ಲೇಟು ಹಾಕಿದರೆ ಸಾಲುಗಳ ನಡುವಿನ ಜಾಗವನ್ನೂ ನೋಡಿಕೊಳ್ಳಿ. ನನ್ನದರಲ್ಲಿ 1.2 ಇತ್ತು. ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ತಲೆ ಮೇಲೆ ಹೋಗಿ ಕೂತಿದ್ದವು. ಓದಲು ಕಲಿಯುತ್ತಿರುವ ಮಗುವಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. 1.7 ಮಾಡಿದ ಮೇಲೆ ಸರಿಯಾಯಿತು.

ಖರ್ಚು: ಸರ್ವರಿಗೆ ತಿಂಗಳಿಗೆ 600 ರೂಪಾಯಿ ಚಿಲ್ಲರೆ, ಮೇಲಿಗೆ ಒಂದು ಡಾಲರಿಗೂ ಕಡಿಮೆ. ಮೊದಲು ಇದರ ಐದಾರು ಪಟ್ಟು ಕೊಡುತ್ತಿದ್ದೆ. ನನ್ನ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿದರೆ ಉಳಿತಾಯ ಆಯಿತಾ ಅಂತ ಕೇಳಬೇಡಿ, ಮನೆಯಲ್ಲಿ ಆಗಲೇ ಕೇಳಿಯಾಗಿದೆ. ಅಪ್‌ಗ್ರೇಡ್ ಬಂದಾಗ ಮೂರು ಸಲ ಬ್ಯಾಕಪ್, ಮೂರು ಸಲ ಕಮಾಂಡು, ಅರ್ಧ ಗಂಟೆ ಸಾಕು.

ಒಂದೇ ಸೈಟು ಇದ್ದು, ನೂರಿನ್ನೂರು ಜನ ಇದ್ದರೆ ಇಷ್ಟೆಲ್ಲಾ ಬೇಡ, ಬಾಡಿಗೆ ಸೇವೆಯ ಪುಕ್ಕಟೆ ಪ್ಲಾನೇ ಸಾಕಾಗಬಹುದು. ಕಮಾಂಡ್ ಲೈನ್ ನೋಡಿದರೆ ಕೈ ನಡುಗುತ್ತದೆ ಅನ್ನುವವರಿಗೂ ಬೇಡ. ಎರಡು ಮೂರು ಡೊಮೇನು, ಸ್ವಲ್ಪ ಪೈಥಾನು, ಸ್ವಲ್ಪ ಹಠ ಇದ್ದರೆ ಹಾಕಿಕೊಳ್ಳಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಸಾಲು ಮೇಲ್ ಅದರಲ್ಲೇ ಬಂದ ದಿನ ಐದನೆಯದು. ಆ ಟೀ ವಿಷಯಕ್ಕೆ ಕಡಿತ ಮಾಡಿಲ್ಲ.

ಚಿಕ್ಕಪ್ಪ ಈಗ ನಾಲ್ಕನೇ ಡೊಮೇನ್ ತೆಗೆದುಕೊಂಡಿದ್ದಾರೆ, ಜೇನುತುಪ್ಪಕ್ಕಂತೆ. ಒಟಿಪಿ ಮಾತ್ರ ನನ್ನ ಫೋನಿಗೇ ಬರುವ ಹಾಗೆ ಮಾಡಿಸಿದ್ದೇನೆ.